ಇನ್ನೊಬ್ಬರ ಕ್ಲಾಸಿನಲ್ಲಿ ಹೋಗಿ ಕೂತರೆ ಜಗಳ ಆಗುವುದಿಲ್ವಾ?

"ಟೀಚರೇ, ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂತರೆ ಜಗಳ ಆಗುವುದಿಲ್ವಾ?"

ಅಕ್ಕಪಕ್ಕದ ಶಾಲೆಗಳ ಟೀಚರುಗಳು ಸೇರುವ ಕ್ಲಸ್ಟರ್ ತರಬೇತಿಯಲ್ಲಿ ಚಾ ಕುಡಿಯುವ ಹೊತ್ತಿಗೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮಲ್ಲಿ ಕೆಲವರು ಆರು ವರ್ಷದಿಂದ ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗುತ್ತಿದ್ದೇವೆ.

ಜಗಳ ಆಗುತ್ತದೆ. ಟೀಚರನ್ನು ನೋಡಲು ಹೋದರೆ ಖಂಡಿತ ಆಗುತ್ತದೆ. ಮಕ್ಕಳನ್ನು ನೋಡಲು ಹೋದರೆ ಆಗುವುದಿಲ್ಲ.

ಇದು ನನಗೆ ಮೊದಲೇ ಗೊತ್ತಿರಲಿಲ್ಲ. ಮೊದಲ ವರ್ಷ ನಾವೊಂದು ಫಾರ್ಮ್ ಮಾಡಿಕೊಂಡಿದ್ದೆವು. ಬೋರ್ಡಿನ ಬರಹ ಹೇಗಿದೆ, ಎಷ್ಟು ಪ್ರಶ್ನೆ ಕೇಳಿದರು, ಎಲ್ಲದಕ್ಕೂ ಅಂಕ. ನನಗಿಂತ ಹದಿನೈದು ವರ್ಷ ಹಿರಿಯರಾದ ಟೀಚರೊಬ್ಬರ ಕ್ಲಾಸಿನಲ್ಲಿ ಕೂತೆ. ಮುಗಿದ ಮೇಲೆ ಚೆನ್ನಾಗಿದ್ದದ್ದು ಎರಡು, ಸರಿಪಡಿಸಬೇಕಾದ್ದು ಮೂರು ಎಂದು ಓದಿ ಹೇಳಿದೆ. ಅವರು "ಆಯ್ತು ಟೀಚರ್" ಎಂದರು. ಆಮೇಲೆ ಎರಡು ತಿಂಗಳು ನಾನು ಬರುತ್ತೇನೆ ಎಂದಾಗಲೆಲ್ಲ ಅವರ ಕ್ಲಾಸಿನಲ್ಲಿ ಪರೀಕ್ಷೆ ಇರುತ್ತಿತ್ತು. ಅವರಿಗೆ ನೋವಾಗಿತ್ತು. ಅಷ್ಟು ವರ್ಷ ಮಕ್ಕಳ ಮುಂದೆ ನಿಂತವರಿಗೆ ನಲವತ್ತು ನಿಮಿಷ ನೋಡಿ ಮಾರ್ಕು ಹಾಕುವುದು ತಪ್ಪು.

ಆಮೇಲೆ ಓದುತ್ತಾ ಹೋದಾಗ ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಅವರ ಕೆಲಸ ಸಿಕ್ಕಿತು. ಬರೀ ತರಬೇತಿ ಕೊಟ್ಟು ಕಳಿಸಿದರೆ ಕಲಿತದ್ದು ಕ್ಲಾಸಿನೊಳಗೆ ಬರುವುದು ಬಹಳ ಕಡಿಮೆ, ಶಾಲೆಯಲ್ಲೇ ಜೊತೆಗಾರರ ನೆರವು ಬೇಕು ಎಂದು 1980ರ ದಶಕದಿಂದ ಹೇಳುತ್ತಾ ಬಂದವರು ಇವರು. 1996ರಲ್ಲಿ ಅವರು ಇನ್ನೊಂದು ಮಾತು ಬರೆದರು. ಶಿಕ್ಷಕರು ಒಬ್ಬರಿಗೊಬ್ಬರು ಅಭಿಪ್ರಾಯ ಹೇಳಲು ಶುರು ಮಾಡಿದರೆ ಒಟ್ಟಾಗಿ ಮಾಡುವ ಕೆಲಸವೇ ಕುಸಿಯುತ್ತದೆ. ಅದಕ್ಕೆ ಅವರು ಅಭಿಪ್ರಾಯ ಹೇಳುವುದನ್ನೇ ಕೈಬಿಟ್ಟರು. ಪಾಠ ಮಾಡುವವರೇ ಕೋಚ್, ನೋಡುವವರು ಕಲಿಯುವವರು ಎಂದರು. ಇದನ್ನು ಓದಿದ ದಿನ ನಾವು ಫಾರ್ಮ್ ಬಿಟ್ಟೆವು.

ಈಗ ನೋಡಲು ಹೋಗುವವರಿಗೆ ಪಾಠ ಮಾಡುವ ಟೀಚರೇ ಕೆಲಸ ಕೊಡುತ್ತಾರೆ. "ಈ ಮೂರು ಮಕ್ಕಳು ಏನು ಮಾಡುತ್ತಾರೆ ನೋಡಿ" ಎನ್ನುತ್ತಾರೆ. ಅಷ್ಟೇ. ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇಂಥದ್ದೇ ರೂಢಿ ಇದೆ. ನಾಲ್ಕಾರು ಜನ ಸೇರಿ ಒಂದು ಪಾಠ ಸಿದ್ಧ ಮಾಡುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ.

ನನಗೆ ಇದರಿಂದ ಸಿಕ್ಕಿದ್ದನ್ನು ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಮಲಯಾಳ ಮಾಧ್ಯಮದ ಡಿವಿಷನ್ ಕೂಡ ಇದೆ. ಪಾಠ ಒಂದೇ, ಭಾಷೆ ಬೇರೆ. ನನ್ನ ಕ್ಲಾಸಿನಲ್ಲಿ ವರ್ಷವೂ ಒಂದು ತೊಂದರೆ. ವಿಸ್ತೀರ್ಣ ಕೇಳಿದರೆ ಅರ್ಧ ಮಕ್ಕಳು ನಾಲ್ಕೂ ಬದಿ ಕೂಡಿಸಿಬಿಡುತ್ತಿದ್ದರು. ಸುತ್ತಳತೆ ಅವರಿಗೆ ಅರ್ಥವಾಗುತ್ತಿತ್ತು, ವಿಸ್ತೀರ್ಣ ಬರೀ ಒಂದು ಹೆಸರಾಗಿತ್ತು. ಪಕ್ಕದ ಮಲಯಾಳ ಕ್ಲಾಸಿನಲ್ಲಿ ಕೂತಾಗ ಆ ಟೀಚರ್ ಹೇಳುತ್ತಿದ್ದರು: ಚುಟ್ಟಳವ್, ಪರಪ್ಪಳವ್. ಸುತ್ತಿನ ಅಳತೆ, ಹರವಿನ ಅಳತೆ. ಒಬ್ಬ ಹುಡುಗಿ ಪರಪ್ಪಳವ್ ಎನ್ನುವಾಗ ನೋಟ್‌ಬುಕ್ಕಿನ ಮೇಲೆ ಅಂಗೈ ಸವರಿದಳು. ಅವಳಿಗೆ ಗುಣಾಕಾರ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಯಾವುದನ್ನು ಅಳೆಯಬೇಕು ಎಂದು ಕೈಗೆ ಗೊತ್ತಿತ್ತು.

ಮರುದಿನ ನಾನು ಅಡಿಕೆ ಒಣಹಾಕುವ ಅಂಗಳದಿಂದ ಶುರು ಮಾಡಿದೆ. ಅಂಗಳದ ಸುತ್ತ ಬೇಲಿ ಹಾಕಲು ಎಷ್ಟು ಬೇಕು? ಅಡಿಕೆ ಹರಡಲು ಎಷ್ಟು ಜಾಗ ಇದೆ? ಬೋರ್ಡಿನಲ್ಲಿ ಮೊದಲು "ಹರವಿನ ಅಳತೆ" ಎಂದು ಬರೆದು, ಪಕ್ಕದಲ್ಲಿ ವಿಸ್ತೀರ್ಣ ಎಂದು ಬರೆದೆ. ಇಷ್ಟು ವರ್ಷ ಇದು ಹೊಳೆದಿರಲಿಲ್ಲ. ಆ ಟೀಚರಿಗೆ ತಾವು ನನಗೇನು ಕೊಟ್ಟಿರಿ ಎಂದು ಹೇಳಿದಾಗ ಅವರಿಗೇ ಆಶ್ಚರ್ಯ. ಅವರಿಗೆ ಅದು ದಿನದ ಮಾತು.

ಅವರು ನನ್ನ ಕ್ಲಾಸಿಗೆ ಬಂದಾಗ ಕಂಡದ್ದೇ ಬೇರೆ. ಹಿಂದಿನ ಸಾಲಿನ ಹುಡುಗ ಪಕ್ಕದವನಿಗೆ ಲೆಕ್ಕವನ್ನು ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದನಂತೆ. ನಾನು ಬೋರ್ಡಿನ ಕಡೆ ತಿರುಗಿದ್ದೆ. ಗಲಾಟೆ ಅಂದುಕೊಂಡು ಗದರಿಸಿದ್ದೆ. ತುಳು, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ, ಮರಾಠಿ ಎಲ್ಲ ಮಾತಾಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಊರು ನಮ್ಮದು. ಒಬ್ಬರ ಕಿವಿಗೆ ಅದೆಲ್ಲ ಬೀಳುವುದು ಹೇಗೆ?

ಇನ್ನು ಸಮಯ. "ಪೀರಿಯಡ್ ಎಲ್ಲಿದೆ ಟೀಚರೇ?" ಎನ್ನುವುದು ಎರಡನೇ ಪ್ರಶ್ನೆ. ಇದಕ್ಕೆ ಉತ್ತರ ಹೆಡ್‌ಮಾಷ್ಟ್ರ ಕೈಯಲ್ಲಿದೆ. ಟೈಮ್‌ಟೇಬಲ್ ಮಾಡುವಾಗಲೇ ಇಬ್ಬರಿಗೆ ವಾರಕ್ಕೊಂದು ಪೀರಿಯಡ್ ಹೊಂದಿಸಿ, ಅದಕ್ಕೆ ಬೇರೆ ಕೆಲಸ ತುರುಕದಿದ್ದರೆ ಸಾಕು. ನಮ್ಮ ಶಾಲೆಯ ಟೀಚರುಗಳೆಲ್ಲ ಸೇರುವ ಎಸ್.ಆರ್.ಜಿ. ಸಭೆ ಹಿಂದೆ ಬಿಸಿಯೂಟ, ಕಲೋತ್ಸವ, ಎಲ್.ಎಸ್.ಎಸ್., ಯು.ಎಸ್.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆಗಳ ಮಾತಿನಲ್ಲೇ ಮುಗಿಯುತ್ತಿತ್ತು. ಈಗ ಮೊದಲ ಇಪ್ಪತ್ತು ನಿಮಿಷ ಒಂದು ಮಗುವಿನ ನೋಟ್‌ಬುಕ್ ಮೇಜಿನ ಮೇಲಿರುತ್ತದೆ. ಈ ಮಗು ಹೀಗೆ ಯಾಕೆ ಬರೆಯಿತು ಎನ್ನುವುದೊಂದೇ ಚರ್ಚೆ.

ಹೊರಗಿನಿಂದ ಬಂದು ಸಹಾಯ ಮಾಡುವ ಕೋಚ್ ಬೇಡವೇ ಎಂದೂ ಕೇಳುತ್ತಾರೆ. ಬೇಕು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿ.ಪಿ.ಇ.ಪಿ.) ಶುರುವಾದಾಗ ಕೇರಳದಲ್ಲಿ ಮೊದಲು ಆರಿಸಿದ ಮೂರು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಶಿಕ್ಷಕರಿಗೆ ನೆರವು ಕೊಡುವ ಬ್ಲಾಕ್ ಮಟ್ಟದ ಕೇಂದ್ರ, ಅಂದರೆ ಬಿ.ಆರ್.ಸಿ., ನಮಗೆ ಹೊಸತಲ್ಲ. ಆದರೆ ಶಾಲೆಗೆ ಬಂದವರು ವರದಿ ಬರೆದು ಮೇಲಕ್ಕೆ ಕಳಿಸುವವರೂ ಆದರೆ ಯಾರೂ ತಮ್ಮ ಕಷ್ಟ ಹೇಳುವುದಿಲ್ಲ. ತಪಾಸಣೆಗೆ ಅಧಿಕಾರಿಗಳಿದ್ದಾರೆ. ಕೋಚ್ ಆದವರು ತಿಂಗಳಿಗೆ ಎರಡು ಸಲವಾದರೂ ಅದೇ ಟೀಚರ ಜೊತೆ ಕೂರಬೇಕು. 2018ರಲ್ಲಿ ಅಮೆರಿಕದ ಸಂಶೋಧಕ ಮ್ಯಾಥ್ಯೂ ಕ್ರಾಫ್ಟ್ ಮತ್ತು ಇಬ್ಬರು ಜೊತೆಗಾರರು ಶಿಕ್ಷಕರ ಕೋಚಿಂಗಿನ ಬಗೆಗಿನ 60 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಹೆಚ್ಚಿನವು ಅಮೆರಿಕದವು. ಕೋಚಿಂಗಿನಿಂದ ಪಾಠವೂ ಸುಧಾರಿಸಿತ್ತು, ಮಕ್ಕಳ ಕಲಿಕೆಯೂ ಹೆಚ್ಚಿತ್ತು. ಆದರೆ ಕಾರ್ಯಕ್ರಮ ದೊಡ್ಡದಾದಲ್ಲಿ ಆ ಪ್ರಯೋಜನ ಇಳಿದಿತ್ತು. ಹಾಗಾಗಿ ಇಡೀ ಜಿಲ್ಲೆಗೆ ಒಂದೇ ದಿನ ಆದೇಶ ಬರುವುದು ನನಗೆ ಬೇಡ. ಐದಾರು ಶಾಲೆಗಳಲ್ಲಿ ಚೆನ್ನಾಗಿ ನಡೆಯಲಿ.

ಕೆಲವು ಶಾಲೆಗಳಲ್ಲಿ ಕನ್ನಡ ಮಾಧ್ಯಮಕ್ಕೆ ಆ ವಿಷಯದಲ್ಲಿ ಒಬ್ಬರೇ ಟೀಚರ್. ಅಂಥವರು ನಮ್ಮ ಕಡೆ ತುಂಬ. ನಾನು ಕೂತ ಹಲವು ತರಬೇತಿಗಳಲ್ಲಿ ಮಾತೆಲ್ಲ ಮಲಯಾಳದಲ್ಲೇ ನಡೆದು, ಕನ್ನಡದವರು ಹಿಂದೆ ಸುಮ್ನೆ ಕೂತದ್ದನ್ನು ಕಂಡಿದ್ದೇನೆ. ಅದು ಬದಲಾಗಲೇಬೇಕು. ಅಕ್ಕಪಕ್ಕದ ಶಾಲೆಗಳು ಕೂಡಿ ಕೆಲಸ ಮಾಡಬೇಕೆಂದು 1964-66ರ ಕೊಠಾರಿ ಆಯೋಗವೇ ಹೇಳಿತ್ತು. ನಾವು ನಾಲ್ಕು ಶಾಲೆಯ ಕನ್ನಡ ಗಣಿತ ಟೀಚರುಗಳು ತಿಂಗಳಿಗೊಂದು ಶನಿವಾರ ಸೇರುತ್ತೇವೆ. ಜೊತೆಗೆ, ಪಕ್ಕದ ಮಲಯಾಳ ಕ್ಲಾಸಿನ ಬಾಗಿಲೂ ಇದೆ, ಅದನ್ನು ತಟ್ಟಿ.

ಮೊದಲ ಸಲ ಹೋಗುವಾಗ ಪೆನ್ನು, ಪುಸ್ತಕ ಹಿಡಿದುಕೊಂಡು ಹೋಗಬೇಡಿ. ನೀವು ಬರೆಯುವುದು ಕಂಡರೆ ಪಾಠ ಮಾಡುವವರ ಸ್ವರ ಬದಲಾಗುತ್ತದೆ. ಮಕ್ಕಳು ಹೇಳಿದ ಮಾತು ನೆನಪಿಟ್ಟುಕೊಂಡು ಬಂದು, ಸ್ಟಾಫ್‌ರೂಮಿನಲ್ಲಿ ಬರೆದುಕೊಳ್ಳಿ.