ಒಂದು ರೊಟ್ಟಿಗೆ ಎಷ್ಟು ಬಡಿತ

ಬೆರಳಿಗೆ ಸಿಕ್ಕಿಸಿಕೊಂಡು ನಾಡಿ ನೋಡುವ ಪುಟ್ಟ ಮಷಿನ್ ಇರುತ್ತದಲ್ಲ, ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದದ್ದು, ಅದನ್ನು ನನ್ನ ಮಗ ಬಚ್ಚಿಟ್ಟಿದ್ದ. ಬೇರೆ ಯಾರಿಂದಲೂ ಅಲ್ಲ, ನನ್ನಿಂದಲೇ. ದಿನಕ್ಕೆ ನಲವತ್ತು ಸಲ ಹಾಕಿಕೊಂಡು ನೋಡುತ್ತಿದ್ದೆ, ಅದಕ್ಕೆ.

2024ರ ಜುಲೈ ಮೊದಲ ವಾರ ನನಗೆ ಬೈಪಾಸ್ ಆಯಿತು. ಎದೆಯ ಮೂಳೆ ಸೀಳಿ, ಕಾಲಿನಿಂದ ತೆಗೆದ ರಕ್ತನಾಳ ಜೋಡಿಸಿ, ಮೂಳೆಯನ್ನು ಸ್ಟೀಲ್ ತಂತಿಯಲ್ಲಿ ಬಿಗಿದು ಮುನಿರಾಬಾದಿನ ಮನೆಗೆ ಕಳಿಸಿದರು. ಮೂಳೆ ಕೂಡಲು ಆರೆಂಟು ವಾರ ಬೇಕು, ಭಾರ ಎತ್ತಬೇಡಿ, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ ಅಂದರು. ಉಸಿರಿನ ವ್ಯಾಯಾಮಕ್ಕೆ ಮೂರು ಬಾಲಿನ ಡಬ್ಬಿ ಕೊಟ್ಟರು. ಭಯದ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೋ ಏನೋ, ಆಗ ನನ್ನ ಕಿವಿಗೆ ಬೀಳುತ್ತಿದ್ದದ್ದು ಮಾತ್ರೆಯ ಹೆಸರುಗಳಷ್ಟೇ.

ಮನೆಗೆ ಬಂದ ನಾಲ್ಕನೇ ರಾತ್ರಿ. ಫ್ಯಾನ್ ನೋಡುತ್ತಾ ಅಂಗಾತ ಮಲಗಿದ್ದೆ. ತಂತಿ ಸಡಿಲ ಆಯಿತಾ ಅಂತ ಒಂದು ಯೋಚನೆ ಬಂತು, ಅಷ್ಟೇ. ಎದೆ ಡವಗುಟ್ಟತೊಡಗಿತು. ಬೆರಳು ಜೋಮು ಹಿಡಿದವು, ಗಂಟಲು ಕಟ್ಟಿತು, ಮೈಯೆಲ್ಲ ಬೆವರು. ಮಷಿನ್ 126 ತೋರಿಸಿತು. ಅದನ್ನು ನೋಡಿ ಇನ್ನೂ ಜೋರಾಯಿತು. ನನ್ನ ಕಥೆ ಮುಗೀತು ಅಂದುಕೊಂಡೆ.

ಹೊಸಪೇಟೆಗೆ ಓಡಿಸಿದರು. ಇಸಿಜಿ ತೆಗೆದರು, ರಕ್ತ ನೋಡಿದರು. ಹೃದಯದಲ್ಲಿ ಏನೂ ಇಲ್ಲ. ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನ ಡಾಕ್ಟರು, "ಇದು ಪ್ಯಾನಿಕ್ ಅಟ್ಯಾಕ್ ಟೀಚರ್. ಹತ್ತು ನಿಮಿಷದಲ್ಲಿ ಏರುತ್ತೆ, ಆಮೇಲೆ ತಾನೇ ಇಳಿಯುತ್ತೆ" ಅಂದರು. ಬೈಪಾಸ್ ಆದವರಲ್ಲಿ ಇದು ಅಪರೂಪ ಅಲ್ಲವಂತೆ. ಹಾಗಂತ ನೀವೇ ತೀರ್ಮಾನ ಮಾಡಬೇಡಿ, ನೋವು ತೋಳಿಗೋ ದವಡೆಗೋ ಹರಿದರೆ, ಉಸಿರು ಸರಿಹೋಗದಿದ್ದರೆ, ಮೂಳೆ ಕಟಕ್ ಅಂದರೆ, ಗಾಯ ಕೀವಾದರೆ ಎದ್ದು ಬಂದುಬಿಡಿ ಅಂತಲೂ ಹೇಳಿದರು. ನನಗೆ ಸಮಾಧಾನಕ್ಕಿಂತ ನಾಚಿಕೆಯೇ ಜಾಸ್ತಿ ಆಯಿತು. "ಎಷ್ಟ್ ಅಂಜಬುರುಕ ಅದೀಯೋ" ಅಂತ ವರ್ಷಗಟ್ಟಲೆ ಮಕ್ಕಳನ್ನು ಗದರಿದವಳು ನಾನು.

ನೋಡಲು ಬಂದವರೆಲ್ಲ "ಧೈರ್ಯ ತಗೋರಿ" ಅನ್ನುತ್ತಿದ್ದರು. ತಗೊಳ್ಳೋಕೆ ಅದು ಎಲ್ಲಿಟ್ಟಿರುತ್ತೆ ಅಂತ ಮಾತ್ರ ಯಾರೂ ಹೇಳಲ್ಲ.

ಕೊನೆಗೆ ಮಗ 14416ಕ್ಕೆ ಫೋನ್ ಹಚ್ಚಿಕೊಟ್ಟ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಿದ ಹುಡುಗಿ ನಾಚಿಕೆ ಪಡೋ ವಿಷಯ ಅಲ್ಲ ಅಂತ ಶುರು ಮಾಡಿದಳು. ಭಯವನ್ನು ಓಡಿಸೋಕೆ ಹೋಗಬೇಡಿ, ಬಂದು ಹೋಗಲಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನ ಇರಲಿ. ಕಿವಿಗೆ ಬಿದ್ದದ್ದನ್ನು ಎಣಿಸಿ.

ನನ್ನ ಕಿವಿಗೆ ಬೀಳುತ್ತಿದ್ದದ್ದು ಪಕ್ಕದ ಮನೆಯ ಅಕ್ಕ ರೊಟ್ಟಿ ಬಡಿಯುವ ಸದ್ದು. ಬೆಳಗಿನ ಐದಕ್ಕೇ ಶುರು ಮಾಡುತ್ತಾಳೆ. ಒಂದು ರೊಟ್ಟಿಗೆ ಮೂವತ್ತೈದು, ನಲವತ್ತು ಬಡಿತ. ನಡುವೆ ಹಿಟ್ಟು ಉದುರಿಸಲು ಒಂಚೂರು ನಿಲ್ಲಿಸುತ್ತಾಳೆ. ಅವಳು ನಿಲ್ಲಿಸಿದಾಗ ನಾನು ಉಸಿರು ಬಿಡುತ್ತಿದ್ದೆ. ಆರನೇ ರೊಟ್ಟಿ ಹೊತ್ತಿಗೆ ಕೈ ಬೆಚ್ಚಗಾಗುತ್ತಿತ್ತು.

ಆಗಸ್ಟ್ 10ರ ರಾತ್ರಿ ನಮ್ಮೂರ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಮು ತುಂಬಿ ನಿಂತಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆಗೆದರು. ಊರೆಲ್ಲ ಎದ್ದು ಕೂತಿತ್ತು, ಎಲ್ಲರ ಫೋನೂ ಹೊಡೆದುಕೊಳ್ಳುತ್ತಿದ್ದವು, ಹೊಳೆಯ ಮೊರೆತ ಬೇರೆ. ನಮ್ಮವರು ಬ್ಯಾಂಕ್ ಪಾಸ್‌ಬುಕ್ಕು, ನನ್ನ ಮಾತ್ರೆ, ಎಕ್ಸ್‌ರೇ ಎಲ್ಲ ಒಂದು ಚೀಲಕ್ಕೆ ತುಂಬಿದರು. ನಾನು ದಿಂಬು ಅವುಚಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಎದೆ ಸುಮ್ನೆ ಇತ್ತು.

"ಯವ್ವಾ, ನಿನಗ ಅಂಜಿಕಿ ಆಗವಲ್ದೇನಬೇ?" ಅಂದ ಮಗ.

ಆಗಿತ್ತು. ಆದರೆ ಅದು ಎಲ್ಲರಿಗೂ ಆದ ಅಂಜಿಕೆ. ಒಬ್ಬಳೇ ಹೊರಬೇಕಿರಲಿಲ್ಲ.

ಒಂದು ವಾರಕ್ಕೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ತಡೆದರು. ಮಗ ಖುಷಿಗೆ ಮಂಡಕ್ಕಿ, ಮಿರ್ಚಿ ತಂದ. ನನಗೆ ಬರೀ ಮಂಡಕ್ಕಿ. ಎಲ್ಲರೂ ನಿಶ್ಚಿಂತೆಯಿಂದ ಮಲಗಿದ ಆ ರಾತ್ರಿಯೇ ನನಗೆ ಮತ್ತೆ ಬಂತು, ಮೂರು ಗಂಟೆಗೆ. ಅಕ್ಕ ಏಳಲು ಇನ್ನೂ ಎರಡು ತಾಸು. ಅಡುಗೆಮನೆಗೆ ಹೋಗಿ ಎಸರಿಟ್ಟೆ. ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮಷಿನ್ ಸಿಕ್ಕಿತು! ಹಿಟ್ಟು ಒರೆಸಿದೆ. ಬೆರಳು ಅದರ ಬಾಯಿಯ ತನಕ ಹೋಯಿತು. ಕಟ್ಟೆಯ ಮೇಲಿಟ್ಟುಬಿಟ್ಟೆ.

"ಏನ್ ಮಾಡಾಕತ್ತೀ ಈ ಹೊತ್ತಿನ್ಯಾಗ?" ನಮ್ಮವರು ಬಾಗಿಲಲ್ಲಿ ನಿಂತಿದ್ದರು.

"ರೊಟ್ಟಿ ಬಡಿಬೇಕು."

ಅವರು ನನ್ನ ಮುಖ ನೋಡಿದರು, ಮಷಿನ್ ನೋಡಿದರು. "ಎದಿಗೆ ಜಗ್ಗತೈತಿ, ಏಳು. ನಾ ಬಡೀತೀನಿ, ನೀ ಎಣಸು" ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಹಿಟ್ಟಿಗೆ ಕೈ ಹಾಕಿದ್ದೇ ಇಲ್ಲ. ನಾನು ಗೋಡೆಗೆ ಒರಗಿ ಕೂತು ಎಣಿಸಿದೆ.

ಹನ್ನೊಂದಕ್ಕೇ ರೊಟ್ಟಿ ಹರಿಯಿತು.