ಹಲ್ಲಿನ ಚೇರಿನಲ್ಲಿ ಸೆಡೇಶನ್: ತಪ್ಪುವುದು ಡೋಸಿಗಿಂತ ಹೆಚ್ಚಾಗಿ ಗಡಿಯಾರ

ಸೆಡೇಶನ್, ಅಂದರೆ ಹೆದರುವ ರೋಗಿಯನ್ನು ಔಷಧಿಯಿಂದ ಶಾಂತವಾಗಿಸುವುದು, ಕೈಕೊಟ್ಟ ದಿನ ಕ್ಲಿನಿಕ್‌ನಲ್ಲಿ ಮೊದಲು ಕೇಳಿಬರುವ ಮಾತು "ಡೋಸ್ ಸಾಲಲಿಲ್ಲ". ಬಹಳ ಸಲ ಸಾಲದೆ ಹೋದದ್ದು ಸಮಯ. ಔಷಧಿ ಏರುವ ಮೊದಲೇ ಡ್ರಿಲ್ ಹಿಡಿದಿರುತ್ತೇವೆ, ಇಳಿಯುವ ಮೊದಲೇ ಮನೆಗೆ ಕಳಿಸಿರುತ್ತೇವೆ. ಹೊರಗೆ ಆರು ಜನ ಕಾಯುತ್ತಿರುವಾಗ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು ಸುಲಭವಲ್ಲ, ಒಪ್ಪೋಣ. ಆದರೆ ಅಷ್ಟು ಕಾಯಲಾಗದ ದಿನ ಸೆಡೇಶನ್ ಕೇಸ್ ಇಟ್ಟುಕೊಳ್ಳಲೇಬಾರದು.

ಇನ್ನೊಂದು ಗೊಂದಲವನ್ನೂ ಮೊದಲೇ ಬಿಡಿಸಿಕೊಳ್ಳಬೇಕು. ಸೆಡೇಶನ್ ಇಳಿಸುವುದು ಭಯವನ್ನು. ನೋವಿಗೆ ಮರಗಟ್ಟಿಸುವ ಇಂಜೆಕ್ಷನ್ನೇ ಗತಿ. ಮಂಪರಿನಲ್ಲಿದ್ದ ಮಗು ಡ್ರಿಲ್ ತಾಗಿದ ಕೂಡಲೇ ಚೀರಿದರೆ ಮಂಪರು ತರುವ ಮಿಡಜೋಲಂ ಏರಿಸುವುದಲ್ಲ, ಬ್ಲಾಕ್ (ಮರಗಟ್ಟಿಸಲು ಕೊಟ್ಟ ಇಂಜೆಕ್ಷನ್) ಹಿಡಿದಿದೆಯೇ ನೋಡಬೇಕು. ಹಾಗಂತ ಆ ಇಂಜೆಕ್ಷನ್ನಿನಲ್ಲಿರುವ ಲಿಗ್ನೋಕೇನ್ ಅನ್ನೂ ಸುರಿಯುವಂತಿಲ್ಲ. ಮಕ್ಕಳಿಗೆ ಕೆಜಿಗೆ 4.4 ಮಿಲಿಗ್ರಾಂ ಮಿತಿ. 2 ಶೇಕಡಾ ದ್ರಾವಣದ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ಇರುತ್ತದೆ. ಅಂದರೆ 15 ಕೆಜಿಯ ಮಗುವಿಗೆ ಒಟ್ಟು 3.3 ಎಂಎಲ್, ಅಷ್ಟೇ. ಬಾಯಿಯ ನಾಲ್ಕೂ ಕಡೆ ಒಂದೇ ದಿನ ಕೆಲಸ ಮುಗಿಸುವ ಆಸೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಲಿಗ್ನೋಕೇನ್ ಹೆಚ್ಚಾದಾಗ ಕಾಣುವ ಮೊದಲ ಲಕ್ಷಣಗಳು ಸೆಡೇಶನ್ ಮರೆಯಲ್ಲಿ ಅಡಗಿಬಿಡುತ್ತವೆ ಎನ್ನುವುದು ಇನ್ನೂ ಕೆಟ್ಟದ್ದು. ಹಾಗಾಗಿ ತೂಕವನ್ನು ತಾಯಿಯ ಬಾಯಿಂದ ಕೇಳಿ ಬರೆದುಕೊಳ್ಳುವುದಲ್ಲ, ಕ್ಲಿನಿಕ್‌ನ ತಕ್ಕಡಿಯ ಮೇಲೇ ನಿಲ್ಲಿಸಿ ನೋಡಬೇಕು.

ಸಾಧಾರಣ ಭಯಕ್ಕೆ ನೈಟ್ರಸ್ ಆಕ್ಸೈಡ್ ಮೊದಲ ಆಯ್ಕೆ. ನಗೆ ಅನಿಲ ಅಂತ ಹೆಸರಷ್ಟೇ, ನಗುವವರು ಕಡಿಮೆ. 1844ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ಇದನ್ನು ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡಿದ್ದ. ಇದು ಕೆಲಸ ಮಾಡಬೇಕಾದರೆ ಮೂಗು ತೆರೆದಿರಬೇಕು. ಬಾಯಿ ಮುಚ್ಚಿಸಿ, ಒಂದೊಂದೇ ಹೊಳ್ಳೆ ಒತ್ತಿ ಉಸಿರಾಡಿಸಿ ನೋಡಿ. ನೆಗಡಿ ಇದ್ದರೆ ದಿನ ಮುಂದೂಡಿ. ಗರ್ಭದ ಮೊದಲ ಮೂರು ತಿಂಗಳು, ತೀವ್ರ ಶ್ವಾಸಕೋಶದ ಕಾಯಿಲೆ, ಬಿ12 ಕೊರತೆ, ಕಣ್ಣಿನೊಳಗೆ ಗ್ಯಾಸ್ ತುಂಬಿಸಿದ ರೆಟಿನಾ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆದವರು: ಇವರಿಗೆ ಬೇಡ.

ಮೊದಲ ಎರಡು ಮೂರು ನಿಮಿಷ ಬರೀ ಆಕ್ಸಿಜನ್, ದೊಡ್ಡವರಿಗೆ ನಿಮಿಷಕ್ಕೆ 5–6 ಲೀಟರ್. ಈಗ ಕಣ್ಣು ಯಂತ್ರಕ್ಕೆ ಜೋಡಿಸಿದ ರಬ್ಬರ್ ಚೀಲದ ಮೇಲಿರಲಿ. ಚಪ್ಪಟೆಯಾಗಿ ಅಂಟಿಕೊಂಡರೆ ಹರಿವು ಸಾಲದು, ಬಲೂನಿನಂತೆ ಬಿಗಿದು ನಿಂತರೆ ಜಾಸ್ತಿ. ಅರ್ಧ ತುಂಬಿ, ಪ್ರತಿ ಉಸಿರಿಗೂ ಮೆಲ್ಲಗೆ ಕುಗ್ಗಿ ಹಿಗ್ಗುತ್ತಿದ್ದರೆ ಸರಿ. ಚೀಲ ಅಲುಗಾಡುತ್ತಲೇ ಇಲ್ಲವೆಂದರೆ ರೋಗಿ ಬಾಯಿಂದ ಉಸಿರಾಡುತ್ತಿದ್ದಾರೆ, ಇಲ್ಲವೇ ಮಾಸ್ಕ್ ಪಕ್ಕದಿಂದ ಸೋರುತ್ತಿದೆ. ಆಮೇಲೆ ನೈಟ್ರಸ್ 10 ಶೇಕಡಾದಿಂದ ಶುರುಮಾಡಿ, ಒಂದೊಂದು ನಿಮಿಷ ಬಿಟ್ಟು ಹತ್ತು ಹತ್ತು ಏರಿಸುವುದು. ಹೆಚ್ಚಿನವರಿಗೆ 30–40ರಲ್ಲೇ ಸಾಕಾಗುತ್ತದೆ, 50 ದಾಟಿಸಬೇಡಿ. ಸಾಕು ಎನ್ನುವುದನ್ನು ಕೈ ಹೇಳುತ್ತದೆ: ಚೇರಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಬೆರಳು ಸಡಿಲಾಗಿ ಅಂಗೈ ಬಿಚ್ಚಿಕೊಳ್ಳುತ್ತದೆ. ಬೆರಳ ತುದಿ ಜುಮ್ಮೆನ್ನುತ್ತದೆ ಎನ್ನುತ್ತಾರೆ. ಬೆವರು, ವಾಕರಿಕೆ, ಪದೇ ಪದೇ ಬಾಯಿ ಮುಚ್ಚಿಕೊಳ್ಳುವುದು ಕಂಡರೆ ಹೆಚ್ಚಾಯಿತೆಂದೇ ಅರ್ಥ, ಹತ್ತು ಇಳಿಸಿ. ಬಾಯಿಬಿಟ್ಟು ಜೋರಾಗಿ ಅಳುವ ಮಗುವಿಗೆ ಇದು ನಾಟುವುದೇ ಇಲ್ಲ, ಸೇದುವವರು ಡಾಕ್ಟರು ಮತ್ತು ಅಸಿಸ್ಟೆಂಟು. ಬಿಟ್ಟ ಉಸಿರನ್ನು ಹೊರಗೆಳೆಯುವ ವ್ಯವಸ್ಥೆ ನಿಮಿಷಕ್ಕೆ 45 ಲೀಟರ್ ಎಳೆಯಬೇಕು ಎನ್ನುವುದು ಅದಕ್ಕೇ.

ಸಿಲಿಂಡರಿನ ಒಂದು ಮೋಸ ಗೊತ್ತಿರಲಿ. ನೈಟ್ರಸ್ ಒಳಗೆ ದ್ರವವಾಗಿ ಇರುವುದರಿಂದ ಒತ್ತಡ ತೋರಿಸುವ ಮುಳ್ಳು ಸುಮಾರು 750 ಪಿಎಸ್‌ಐನಲ್ಲೇ ನಿಂತಿರುತ್ತದೆ. ದ್ರವ ಮುಗಿದ ಮೇಲೆ ದಬಕ್ಕನೆ ಬೀಳುತ್ತದೆ. ಎಷ್ಟು ಉಳಿದಿದೆ ಎನ್ನುವುದು ತೂಗಿದರೆ ಮಾತ್ರ ತಿಳಿಯುತ್ತದೆ. ಆಕ್ಸಿಜನ್ ಮುಳ್ಳು ಹಾಗಲ್ಲ, ಖರ್ಚಾದಂತೆ ಇಳಿಯುತ್ತದೆ. ಕೆಲಸ ಮುಗಿದಾಗ ಮತ್ತೆ ಐದು ನಿಮಿಷ ಬರೀ ಆಕ್ಸಿಜನ್. ರಕ್ತದಿಂದ ನೈಟ್ರಸ್ ಒಮ್ಮೆಗೇ ಶ್ವಾಸಕೋಶಕ್ಕೆ ನುಗ್ಗಿ ಆಕ್ಸಿಜನ್ನಿನ ಜಾಗ ಹಿಡಿಯುತ್ತದೆ. ಈ ಐದು ನಿಮಿಷ ಉಳಿಸಲು ಹೋದರೆ ತಲೆನೋವು, ವಾಂತಿ.

ಮಾಸ್ಕನ್ನೇ ಹತ್ತಿರ ಸೇರಿಸದ ಮಕ್ಕಳಿಗೆ ಬಾಯಿಯ ಮೂಲಕ ಮಿಡಜೋಲಂ, ಕೆಜಿಗೆ 0.3ರಿಂದ 0.5 ಮಿಲಿಗ್ರಾಂ. ಒಂದು ಎಂಎಲ್‌ಗೆ 1 ಮಿಲಿಗ್ರಾಂ ಇರುವುದೂ ಸಿಗುತ್ತದೆ, 5 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಎರಡನ್ನೂ ಒಂದೇ ಡ್ರಾಯರ್‌ನಲ್ಲಿ ಇಟ್ಟರೆ ಒಂದಲ್ಲ ಒಂದು ದಿನ ಐದು ಪಟ್ಟು ಹೋಗುತ್ತದೆ. ಔಷಧಿ ವಿಪರೀತ ಕಹಿ, ಸ್ವಲ್ಪವೇ ಸಿಹಿ ಸಿರಪ್‌ನಲ್ಲಿ ಬೆರೆಸಿ. ಮಗು ಅರ್ಧ ಉಗಿದರೆ? ಮತ್ತೆ ಕೊಡಬಾರದು. ಒಳಗೆ ಎಷ್ಟು ಹೋಗಿದೆ ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಂದು ದಿನ ಕರೆಸಿ. ಏರಲು 20–30 ನಿಮಿಷ ಬೇಕು, ಆಮೇಲೆ ಕೆಲಸಕ್ಕೆ ಸಿಗುವುದು ಅರ್ಧ ಗಂಟೆಯ ಆಸುಪಾಸು. ಕೆಲವು ಮಕ್ಕಳು ಮಂಪರಾಗುವ ಬದಲು ರೇಗಾಡುತ್ತಾರೆ. ಅವರಿಗೆ ಮೇಲಿಂದ ಮತ್ತೊಂದು ಡೋಸ್ ಸುರಿಯುವುದು ಬೆಂಕಿಗೆ ತುಪ್ಪ.

ದಂತವೈದ್ಯರು ಮರೆಯುವ ಇನ್ನೊಂದು ವಿಷಯ, ನಾವೇ ಬರೆದುಕೊಡುವ ಆಂಟಿಬಯೋಟಿಕ್. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಮತ್ತು ಬಾಯಿಹುಣ್ಣಿನ ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಮೂರೂ ಮಿಡಜೋಲಂ ಕರಗಿ ಹೋಗುವುದನ್ನು ತಡೆಯುತ್ತವೆ. ಅದೇ ಡೋಸ್ ಜೋರಾಗಿ, ಹೆಚ್ಚು ಹೊತ್ತು ಹಿಡಿಯುತ್ತದೆ.

ಹೊಟ್ಟೆ ಖಾಲಿ ಎಂದರೆ ಏನು ಎನ್ನುವುದನ್ನು ಬಿಡಿಸಿ ಹೇಳದಿದ್ದರೆ ಮನೆಯವರು ತಮಗೆ ತೋಚಿದಂತೆ ತಿಳಿಯುತ್ತಾರೆ. "ಏನೂ ಕೊಟ್ಟಿಲ್ಲ ಡಾಕ್ಟ್ರೇ, ಬರೀ ಒಂದು ಲೋಟ ಹಾಲು." ಹಸುವಿನ ಹಾಲು ಊಟದ ಲೆಕ್ಕ, ಆರು ಗಂಟೆ. ನೀರು ಎರಡು ಗಂಟೆ, ತಾಯಿಹಾಲು ನಾಲ್ಕು, ಎಣ್ಣೆಯಲ್ಲಿ ಕರಿದದ್ದು ಎಂಟು. ಹಾಲು ಹಾಕಿದ ಕಾಫಿಯೂ ಹಾಲೇ.

ದೊಡ್ಡವರಿಗೆ ಮಿಡಜೋಲಂ ಅನ್ನು ರಕ್ತನಾಳದ ಮೂಲಕ ಕೊಡುವುದಾದರೆ 1 ಮಿಲಿಗ್ರಾಂ ನಿಧಾನಕ್ಕೆ, ಎರಡು ನಿಮಿಷ ಗಡಿಯಾರ ನೋಡಿ, ಆಮೇಲೆ ಅರ್ಧ ಅಥವಾ ಒಂದು. ಮಾತು ತೊದಲಿ, ಉತ್ತರ ತಡವಾಗಿ ಬಂದರೆ ನಿಲ್ಲಿಸಿ. ವಯಸ್ಸಾದವರಿಗೆ ಎಲ್ಲವೂ ಅರ್ಧ. ಇನ್ನೂ ಆಳಕ್ಕೆ ಒಯ್ಯುವ ಪ್ರೊಪೋಫಾಲ್ ಬೇಕೆನಿಸಿದರೆ ಅರಿವಳಿಕೆ ತಜ್ಞರು ಪಕ್ಕದಲ್ಲಿರಲೇಬೇಕು. ಅದರಲ್ಲಿ ಚೌಕಾಸಿ ಇಲ್ಲ.

ಡ್ರಿಲ್ ಹಿಡಿದವರೇ ಮಾನಿಟರ್ ನೋಡುವುದೂ ಆಗದ ಮಾತು. ಉಸಿರು ನೋಡಲು ಬೇರೆಯೇ ಒಬ್ಬರು ಬೇಕು. ಆಕ್ಸಿಜನ್ ಕೊಡುತ್ತಿರುವಾಗ ಉಸಿರು ನಿಂತರೂ ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಪ್ರೋಬ್ ಒಂದಷ್ಟು ಹೊತ್ತು 98 ತೋರಿಸುತ್ತಲೇ ಇರುತ್ತದೆ. ಎದೆ ಏಳುವುದನ್ನು ಕಣ್ಣಿಂದ ನೋಡಬೇಕು, ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇದ್ದರೆ ಇನ್ನೂ ಬೇಗ ತಿಳಿಯುತ್ತದೆ. ಡ್ರಿಲ್ಲಿನ ನೀರು ಗಂಟಲಿಗೆ ಇಳಿಯದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಹಾಕಿ. ಕರೆಂಟ್ ಹೋದರೆ ಬಾಯಿಯ ನೀರು ಎಳೆಯುವ ಸಕ್ಷನ್ ನಿಲ್ಲುತ್ತದೆ. ಯುಪಿಎಸ್‌ಗೆ ಅದನ್ನೂ ಸೇರಿಸಿದ್ದೀರಾ, ಹಿಂದಿನ ದಿನವೇ ಸ್ವಿಚ್ ಆರಿಸಿ ನೋಡಿ. ಮಗುವಿನ ಅಳತೆಯ ಮಾಸ್ಕ್ ಮತ್ತು ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಕಪಾಟಿನಲ್ಲಲ್ಲ, ಟ್ರೇ ಮೇಲಿರಬೇಕು.

ಮಿಡಜೋಲಂನ ಮಂಪರು ಇಳಿಸುವ ಫ್ಲುಮಜೆನಿಲ್ ಕೊಟ್ಟು ಎಬ್ಬಿಸಿದ್ದೇವೆ, ಇನ್ನು ಹೊರಡಬಹುದು ಅಂತ ಅಂದುಕೊಳ್ಳುವಂತಿಲ್ಲ. ಅದು ಮಿಡಜೋಲಂಗಿಂತ ಮೊದಲೇ ಇಳಿಯುವುದರಿಂದ ಮತ್ತೆ ಮಂಪರು ಹತ್ತಬಹುದು. ಕಡೇಪಕ್ಷ ಎರಡು ಗಂಟೆ ಕಣ್ಣೆದುರೇ ಇರಲಿ. ಮಗು ಯಾರೂ ತಟ್ಟಿ ಎಬ್ಬಿಸದೆ ತಾನಾಗಿ ಎಚ್ಚರವಿರಬೇಕು, ತಲೆ ನೇರ ಹಿಡಿಯಬೇಕು. ಕರೆದೊಯ್ಯಲು ದೊಡ್ಡವರು ಇಬ್ಬರು ಬರಲಿ, ಒಬ್ಬರು ಮಗುವನ್ನೇ ನೋಡಲು. ಸ್ಕೂಟರಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಹೋದರೆ ತೂಕಡಿಸಿದ ಮಗುವಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮುಚ್ಚುತ್ತದೆ, ಹಿಂದೆ ಕೂತವರಿಗೆ ಅದು ಕಾಣುವುದೂ ಇಲ್ಲ. ಆಟೋ ಕರೆಸಿ, ಮುಖ ಕಾಣುವಂತೆ ಮಡಿಲಲ್ಲಿ ಮಲಗಿಸಿಕೊಳ್ಳಲು ಹೇಳಿ.