ಮ್ಯಾಮೊಗ್ರಾಮ್ ಅರ್ಜಿಯಲ್ಲಿ ಉದ್ಯೋಗದ ಕಾಲಂ ಇಲ್ಲ

ಅಮೆರಿಕದಲ್ಲಿ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಿಕೊಂಡ ಪ್ರತಿಯೊಬ್ಬ ಮಹಿಳೆಗೂ ಅವಳ ಸ್ತನದ ಅಂಗಾಂಶ ಸಾಂದ್ರವಾಗಿದೆಯೋ ಇಲ್ಲವೋ ಎಂಬುದನ್ನು ಲಿಖಿತವಾಗಿ ತಿಳಿಸುವುದು 2024ರ ಸೆಪ್ಟೆಂಬರ್ 10ರಿಂದ ಕಡ್ಡಾಯವಾಗಿದೆ. ನಾನು ನರ್ಸ್ ಆಗಿ ದುಡಿಯುತ್ತಿರುವ ಕನೆಕ್ಟಿಕಟ್ ರಾಜ್ಯದಲ್ಲಿ ಇದು 2009ರಲ್ಲೇ ಕಾನೂನಾಗಿತ್ತು, ಅದೂ ದೇಶದಲ್ಲೇ ಮೊದಲು. ಅದಕ್ಕಾಗಿ ಹೋರಾಡಿದವರು ಇದೇ ರಾಜ್ಯದ ನ್ಯಾನ್ಸಿ ಕಪೆಲ್ಲೊ. ವರ್ಷ ವರ್ಷವೂ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದ ಅವರಿಗೆ, ಎಲ್ಲವೂ ಸರಿಯಿದೆ ಎಂಬ ವರದಿ ಕೈಸೇರಿದ ಕೆಲವೇ ವಾರಗಳಲ್ಲಿ, 2004ರಲ್ಲಿ, ಮೂರನೆಯ ಹಂತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ತಮ್ಮ ಸ್ತನ ಸಾಂದ್ರವಾಗಿದ್ದುದರಿಂದ ಗಡ್ಡೆ ಚಿತ್ರದಲ್ಲಿ ಮರೆಯಾಗಿತ್ತು ಎಂಬುದನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ.

ಸಾಂದ್ರತೆ ಎಂದರೆ ಮುಟ್ಟಿದಾಗ ಸಿಗುವ ಗಟ್ಟಿತನವಲ್ಲ; ಅದು ಎಕ್ಸ್‌ರೇ ಚಿತ್ರದಲ್ಲಿ ಮಾತ್ರ ಕಾಣುವಂಥದ್ದು. ಕೊಬ್ಬು ಕಪ್ಪಾಗಿಯೂ, ಹಾಲಿನ ಗ್ರಂಥಿಗಳು ಮತ್ತು ನಾರಿನ ಅಂಗಾಂಶ ಬೆಳ್ಳಗೂ ಕಾಣುತ್ತವೆ. ಗಡ್ಡೆಯೂ ಬಿಳಿಯೇ ಆದ್ದರಿಂದ ಬಿಳಿಯ ನಡುವೆ ಬಿಳಿಯನ್ನು ಹುಡುಕಬೇಕಾಗುತ್ತದೆ. ಇದಲ್ಲದೆ, ಅತಿ ಸಾಂದ್ರ ಸ್ತನವುಳ್ಳವರಲ್ಲಿ ಕ್ಯಾನ್ಸರ್ ಬರುವ ಸಂಭವವೇ ಬಹುಪಾಲು ಕೊಬ್ಬಿನಿಂದ ಕೂಡಿದ ಸ್ತನವುಳ್ಳವರಿಗಿಂತ ನಾಲ್ಕು ಪಟ್ಟಿನಷ್ಟು ಹೆಚ್ಚು. ವರದಿಯಲ್ಲಿ ಇದನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳಲ್ಲಿ ನಮೂದಿಸುತ್ತಾರೆ. ಸಿ ಮತ್ತು ಡಿ ಸಾಂದ್ರವೆನಿಸಿಕೊಳ್ಳುತ್ತವೆ. 40 ದಾಟಿದ ಅಮೆರಿಕದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಈ ಎರಡರಲ್ಲಿ ಬರುತ್ತಾರೆ. ಆದ್ದರಿಂದ ಪತ್ರದಲ್ಲಿ ಆ ಮಾತು ಕಂಡ ಮಾತ್ರಕ್ಕೆ ಯಾರೂ ಎದೆಗುಂದಬೇಕಾಗಿಲ್ಲ.

ನನ್ನನ್ನು ಕಾಡುವ ಸಂಗತಿ ಬೇರೆ. ಪರೀಕ್ಷೆಗೆ ಮುನ್ನ ನನಗೆ ತುಂಬಲು ಕೊಡುವ ಅರ್ಜಿಯಲ್ಲಿ ಮೊದಲ ಮುಟ್ಟಿನ ವಯಸ್ಸು, ಮೊದಲ ಹೆರಿಗೆಯ ವಯಸ್ಸು, ಹಾರ್ಮೋನ್ ಮಾತ್ರೆ, ತಾಯಿಗೋ ಅಕ್ಕತಂಗಿಯರಿಗೋ ಬಂದ ಕ್ಯಾನ್ಸರ್ ಎಲ್ಲವನ್ನೂ ಕೇಳುತ್ತಾರೆ. ಇಷ್ಟು ವರ್ಷ ಏನು ಕೆಲಸ ಮಾಡಿದಿರಿ, ಯಾವ ರಾಸಾಯನಿಕದ ನಡುವೆ ನಿಂತಿರಿ, ಎಷ್ಟು ರಾತ್ರಿಗಳನ್ನು ಎಚ್ಚರದಲ್ಲಿ ಕಳೆದಿರಿ ಎಂದು ಮಾತ್ರ ಕೇಳುವುದಿಲ್ಲ. ಸಾಂದ್ರತೆಯ ಹೆಚ್ಚಿನ ಪಾಲು ಹುಟ್ಟಿನಿಂದಲೇ ಬರುವುದು ನಿಜ. ಆದರೆ ಅದು ವಯಸ್ಸು, ಹೆರಿಗೆ, ಔಷಧಗಳಿಗೆ ತಕ್ಕಂತೆ ಬದಲಾಗುವುದೂ ಅಷ್ಟೇ ನಿಜ. ಕ್ಯಾನ್ಸರ್ ಕಾಣಿಸಿಕೊಳ್ಳಲು ದಶಕಗಳು ಹಿಡಿಯುತ್ತವೆ. ಕೆಲಸದ ಪರಿಣಾಮ ಸಾಂದ್ರತೆಯಲ್ಲಿ ಅದಕ್ಕೂ ಮುಂಚೆ ತೋರಬಹುದಾದರೆ, ಹುಡುಕಬೇಕಾದ್ದು ಅಲ್ಲಿಯೇ.

ಸ್ಪೇನಿನ ಸಂಶೋಧಕರು ಹೀಗೆ ಹುಡುಕಿದ್ದಾರೆ. ದೇಶದ ಏಳು ಸ್ತನ ತಪಾಸಣಾ ಕೇಂದ್ರಗಳಲ್ಲಿ, ಬಹುತೇಕ ಮುಟ್ಟು ನಿಂತ, ಸಾವಿರಕ್ಕೂ ಹೆಚ್ಚು ಉದ್ಯೋಗಸ್ಥ ಮಹಿಳೆಯರ ಕೆಲಸದ ಚರಿತ್ರೆಯನ್ನು ಅವರ ಮ್ಯಾಮೊಗ್ರಾಮ್‌ನೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಪರಿಶೀಲಿಸಿದ ಹೆಚ್ಚಿನ ವಸ್ತುಗಳಿಗೂ ಸಾಂದ್ರತೆಗೂ ನಂಟು ಕಾಣಲಿಲ್ಲ. ಆದರೆ ಡ್ರೈಕ್ಲೀನಿಂಗ್‌ಗೆ ಬಳಸುವ ಪರ್‌ಕ್ಲೋರೊಎಥಿಲೀನ್ ಎಂಬ ದ್ರಾವಕ, ಎಕ್ಸ್‌ರೇಯಂಥ ಅಯಾನೀಕರಿಸುವ ವಿಕಿರಣ ಮತ್ತು ಬೂಷ್ಟಿನ ಕಣಗಳ ಸಂಪರ್ಕದಲ್ಲಿ ಕೆಲಸ ಮಾಡಿದವರಲ್ಲಿ ಸಾಂದ್ರತೆ ಹೆಚ್ಚಿರುವ ಒಲವು ಕಂಡುಬಂತು. ಒಂದು ಅಧ್ಯಯನದಿಂದ ಕಾರಣವನ್ನು ಸ್ಥಾಪಿಸಲಾಗದು. ಆದರೂ ಪರ್‌ಕ್ಲೋರೊಎಥಿಲೀನ್ ಎಂದೊಡನೆ ನನಗೆ ನೆನಪಾಗುವುದು ಇಲ್ಲಿನ ಡ್ರೈಕ್ಲೀನಿಂಗ್ ಅಂಗಡಿಗಳ ಹಿಂಬದಿಯಲ್ಲಿ ದಿನವಿಡೀ ನಿಲ್ಲುವ ವಲಸಿಗ ಹೆಂಗಸರು. ಕ್ಯಾಲಿಫೋರ್ನಿಯಾ 2023ರಿಂದ ಡ್ರೈಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು ನಿಲ್ಲಿಸಿದೆ. ಒಕ್ಕೂಟ ಸರ್ಕಾರ 2024ರ ಡಿಸೆಂಬರ್‌ನಲ್ಲಿ 10 ವರ್ಷಗಳ ಗಡುವು ಕೊಟ್ಟಿತು. ಹತ್ತು ವರ್ಷ ತೀರಾ ದೀರ್ಘವೆಂದು ನನ್ನ ಅನಿಸಿಕೆ.

ನಮ್ಮ ನರ್ಸಿಂಗ್ ವೃತ್ತಿಗೆ ಬಂದರೆ, ಮೊದಲ ಚಿಂತೆ ನೈಟ್ ಡ್ಯೂಟಿಯದು. ರಾತ್ರಿ ಬೆಳಕಿನಲ್ಲಿ ನಿದ್ರೆಯ ಹಾರ್ಮೋನ್ ಮೆಲಟೋನಿನ್ ಕುಗ್ಗುತ್ತದೆ, ಅದರಿಂದ ಸ್ತ್ರೀ ಹಾರ್ಮೋನ್ ಈಸ್ಟ್ರೋಜನ್ ಏರುಪೇರಾಗಬಹುದು ಎಂಬುದು ವಾದ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದು 2007ರಲ್ಲಿ ವರ್ಗೀಕರಿಸಿ, 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು. ಡೆನ್ಮಾರ್ಕ್ ಒಂದು ಹೆಜ್ಜೆ ಮುಂದೆ ಹೋಗಿ, ದೀರ್ಘಕಾಲ ರಾತ್ರಿ ಪಾಳಿ ಮಾಡಿ ಸ್ತನ ಕ್ಯಾನ್ಸರ್‌ಗೆ ಗುರಿಯಾದ ಕೆಲವು ಮಹಿಳೆಯರಿಗೆ ಪರಿಹಾರ ನೀಡಿತು. ಆದರೆ ಪೋಲೆಂಡಿನ ನರ್ಸ್‌ಗಳನ್ನೂ ಪ್ರಸೂತಿ ಸಹಾಯಕಿಯರನ್ನೂ ಪರೀಕ್ಷಿಸಿದ ಅಧ್ಯಯನದಲ್ಲಿ ರಾತ್ರಿ ಪಾಳಿಗೂ ಸ್ತನ ಸಾಂದ್ರತೆಗೂ ಸಂಬಂಧ ಕಾಣಲಿಲ್ಲ. ಹಾಗಾಗಿ ರಾತ್ರಿ ಪಾಳಿ ಹಾನಿ ಮಾಡುವುದಿದ್ದರೂ ಅದು ಸಾಂದ್ರತೆಯ ದಾರಿಯಲ್ಲೇ ಬರಬೇಕೆಂದಿಲ್ಲ. ಸಾಂದ್ರತೆ ಕಡಿಮೆಯಿದೆ ಎಂದು ಪಾಳಿಯ ವಿಷಯವನ್ನು ಮರೆಯುವಂತೆಯೂ ಇಲ್ಲ.

ಇದನ್ನು ಓದುವವರಲ್ಲಿ ಮಂಗಳೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ದುಡಿಯುವ ಸಹೋದರಿಯರು ಇರುತ್ತೀರಿ. ಉಪಕರಣಗಳನ್ನು ಇಟಿಒ (ಎಥಿಲೀನ್ ಆಕ್ಸೈಡ್) ಅನಿಲದಿಂದ ಶುದ್ಧೀಕರಿಸುವ ವಿಭಾಗದಲ್ಲಿ ಇರುವವರಿಗೆ ವಿಶೇಷವಾಗಿ ಹೇಳುತ್ತೇನೆ: ಎಥಿಲೀನ್ ಆಕ್ಸೈಡ್ ಕ್ಯಾನ್ಸರ್‌ಕಾರಕವೆಂಬುದು ಖಚಿತವಾಗಿದೆ, ಸ್ತನ ಕ್ಯಾನ್ಸರ್ ಬಗೆಗಿನ ಪುರಾವೆ ಮಾತ್ರ ಇನ್ನೂ ಸೀಮಿತ. ನಿಮ್ಮ ಮ್ಯಾಮೊಗ್ರಾಮ್ ವರದಿಯಲ್ಲಿ ಸಾಂದ್ರತೆಯ ದರ್ಜೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ಸಿ ಅಥವಾ ಡಿ ಎಂದಿದ್ದರೆ ಅಲ್ಟ್ರಾಸೌಂಡ್ ಬೇಕೇ ಎಂದು ವೈದ್ಯರನ್ನು ವಿಚಾರಿಸಿ. ಯಾವ ವಿಭಾಗ, ಎಷ್ಟು ವರ್ಷ, ಎಷ್ಟು ರಾತ್ರಿ ಪಾಳಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ಅರ್ಜಿಯಲ್ಲಿ ಕಾಲಂ ಇಲ್ಲದ ಕಾರಣ ನಾನು ಕೊನೆಯ ಪುಟದ ಅಂಚಿನಲ್ಲಿಯೇ ಇದನ್ನೆಲ್ಲ ಬರೆಯುತ್ತೇನೆ, ಕಡತಕ್ಕೆ ಸೇರಿಸಿರೆಂದು ಕೇಳುತ್ತೇನೆ.